ಇಪ್ಪತ್ನಾಲ್ಕು ಗಂಟೆಯ ಗೆರೆ

ಕೆನಡಾಕ್ಕೆ ಓದಲು ಹೋದ ವಿದೇಶಿ ವಿದ್ಯಾರ್ಥಿ ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. 2024ರ ನವೆಂಬರ್‌ನಲ್ಲಿ ಜಾರಿಗೆ ಬಂದ ನಿಯಮ ಇದು. ಒಂಟಾರಿಯೊ ಪ್ರಾಂತ್ಯದ ಕನಿಷ್ಠ ವೇತನ 2025ರ ಅಕ್ಟೋಬರ್‌ನಿಂದ ಗಂಟೆಗೆ 17.60 ಡಾಲರ್. ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ, ಕ್ರೆಡಿಟ್ ನದಿ ಒಂಟಾರಿಯೊ ಸರೋವರವನ್ನು ಸೇರುವಲ್ಲಿ ಪೋರ್ಟ್ ಕ್ರೆಡಿಟ್ ಇದೆ. ಅಲ್ಲಿ ಬಾಡಿಗೆಗಿರುವ ಕನ್ನಡದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಲೇಕ್‌ಶೋರ್ ರಸ್ತೆಯ ಹೋಟೆಲಿನಲ್ಲಿ ಕನಿಷ್ಠ ವೇತನಕ್ಕೆ ಎಕ್ಸ್ ಗಂಟೆ, ಟ್ಯೂಷನ್ ಕೇಂದ್ರವೊಂದರಲ್ಲಿ 20 ಡಾಲರ್‌ನಂತೆ ವೈ ಗಂಟೆ ದುಡಿಯುತ್ತಾಳೆ. ವಾರಕ್ಕೆ ಕಡಿಮೆಯೆಂದರೂ 450 ಡಾಲರ್ ಆಗಬೇಕು. ತೆರಿಗೆಯ ಮಾತು ಸದ್ಯಕ್ಕೆ ಬಿಡೋಣ. ಎಲ್ಲಿ ಎಷ್ಟು ಗಂಟೆ ಎಂಬುದಕ್ಕೆ ಇಲ್ಲಿ ಬೇಕಾದಷ್ಟು ಉತ್ತರಗಳಿವೆ, ಆದರೆ ಅವೆಲ್ಲ ಒಂದು ಎಲ್ಲೆಯೊಳಗಿವೆ. ಎರಡು ಚರಾಕ್ಷರಗಳ ರೇಖಾತ್ಮಕ ಅಸಮತೆಯ ನಕ್ಷೆ ಎಂದು ಮಕ್ಕಳು ಕಲಿಯುವುದು ಆ ಎಲ್ಲೆಯನ್ನು ಕಣ್ಣಿಗೆ ಕಾಣಿಸುವ ವಿದ್ಯೆ. ಗೆರೆ ಎಳೆದು ಬಣ್ಣ ಬಳಿಯುವ ಕಸರತ್ತಾಗಿ ಕಲಿಸಿದರೆ ಅದರ ಜೀವವೇ ಹೋಗುತ್ತದೆ.

ಅಡ್ಡ ಅಕ್ಷದಲ್ಲಿ ಎಕ್ಸ್, ಲಂಬ ಅಕ್ಷದಲ್ಲಿ ವೈ ಇಟ್ಟುಕೊಳ್ಳಿ. ಮೊತ್ತ 24 ಆಗುವ ಬಿಂದುಗಳೆಲ್ಲ ಒಂದು ಸರಳರೇಖೆಯ ಮೇಲಿರುತ್ತವೆ. ಪೂರ್ತಿ 24 ಗಂಟೆ ದುಡಿಯಲು ಅಡ್ಡಿಯಿಲ್ಲವಾದ್ದರಿಂದ ಗೆರೆಯೂ ಉತ್ತರಕ್ಕೆ ಸೇರಿದ್ದು, ಅದನ್ನು ಬಿಡದೆ ಎಳೆಯಬೇಕು. ‘24ಕ್ಕಿಂತ ಕಡಿಮೆ’ ಎಂದಿದ್ದರೆ ತುಂಡು ಗೆರೆ. ಯಾವ ಕಡೆ ಬಣ್ಣ? ಮೂಲಬಿಂದುವನ್ನು ಪರೀಕ್ಷಿಸಿ. ಸೊನ್ನೆ ಗಂಟೆ ದುಡಿದರೆ ನಿಯಮ ಮುರಿಯುವುದಿಲ್ಲ, ಹಾಗಾಗಿ ಮೂಲಬಿಂದು ಇರುವ ಕಡೆ. ಸಂಪಾದನೆ ಸರಿಯಾಗಿ 450 ಡಾಲರ್ ಆಗುವ ಬಿಂದುಗಳದ್ದು ಇನ್ನೊಂದು ಗೆರೆ. ಆದರೆ ಸೊನ್ನೆ ಗಂಟೆಗೆ 450 ಡಾಲರ್ ಬಾರದು, ಹಾಗಾಗಿ ಈ ಗೆರೆಗೆ ಮೂಲಬಿಂದುವಿನ ಆಚೆ ಕಡೆ. ಗಂಟೆಗಳು ಸೊನ್ನೆಗಿಂತ ಕಡಿಮೆ ಆಗುವಂತಿಲ್ಲವಾದ್ದರಿಂದ, ಎರಡು ಬಣ್ಣಗಳೂ ಕೂಡುವಲ್ಲಿ ಉಳಿಯುವುದು ಕಿರಿದಾದ ತ್ರಿಭುಜ, ಮೂಲೆಗಳು (0, 22.5), (0, 24) ಮತ್ತು (12.5, 11.5). ಕೊನೆಯ ಮೂಲೆಯನ್ನು ಗಮನಿಸಿ. ಹೋಟೆಲಿನ ಕೆಲಸ ಹನ್ನೆರಡೂವರೆ ಗಂಟೆ ದಾಟಿತೆಂದರೆ, ಉಳಿದದ್ದನ್ನು ಹೇಗೆ ಹೊಂದಿಸಿದರೂ ನಿಯಮದೊಳಗೆ 450 ಡಾಲರ್ ಹುಟ್ಟುವುದಿಲ್ಲ. 24 ಗಂಟೆಯೂ ಹೋಟೆಲಿನಲ್ಲೇ ಕಳೆದರೆ ಸಿಗುವುದು 422.40 ಡಾಲರ್.

ಫೋನಿನ ಆ್ಯಪ್ ಕ್ಷಣದಲ್ಲಿ ಬಣ್ಣ ತುಂಬುವಾಗ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಆ್ಯಪ್ ಪ್ರದೇಶವನ್ನು ತೋರಿಸೀತು. ಹನ್ನೆರಡೂವರೆಯ ಅರ್ಥವನ್ನು ಹುಡುಗಿಯೇ ಓದಿಕೊಳ್ಳಬೇಕು. ‘ಹೆಚ್ಚು ಎಂದರೆ ಮೇಲೆ, ಕಡಿಮೆ ಎಂದರೆ ಕೆಳಗೆ’ ಎಂಬ ಸುಲಭ ಸೂತ್ರವೂ ಕೈಕೊಡುತ್ತದೆ: ಎಕ್ಸ್‌ನಿಂದ ವೈ ಕಳೆದರೆ 2ಕ್ಕಿಂತ ಹೆಚ್ಚು ಎಂದಾಗ ಬಣ್ಣ ಬೀಳುವುದು ಗೆರೆಯ ಕೆಳಗೆ. ಬದುಕಿನಲ್ಲಿ ಎರಡೇ ಚರಾಕ್ಷರಗಳಿರುವುದಿಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ನಿಜವೂ ಹೌದು. ಆದರೆ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನ ನೂರಾರು ಚರಾಕ್ಷರಗಳಿದ್ದರೂ ಇಂಥದೇ ಮೂಲೆಯಿಂದ ಮೂಲೆಗೆ ಸಾಗಿ ಉತ್ತಮ ಉತ್ತರ ಹುಡುಕುತ್ತದೆ. ಹಾಳೆಯ ಮೇಲೆ ಮೂಲೆಯ ಮಹತ್ವ ಕಂಡ ಮಗುವಿಗೆ ಅದು ಅಪರಿಚಿತವಲ್ಲ. ಒಂಟಾರಿಯೊದ 2021ರ ಪಠ್ಯಕ್ರಮ ಅಸಮತೆಯ ನಕ್ಷೆಯನ್ನು ಒಂಬತ್ತನೇ ತರಗತಿಗೇ ತಂದಿದೆ. ನಮ್ಮಲ್ಲಿ ದ್ವಿತೀಯ ಪಿಯುಸಿಯ ರೇಖಾತ್ಮಕ ಕ್ರಮವಿಧಿ ಇದರ ಮೇಲೆಯೇ ನಿಂತಿದೆ. ಮಕ್ಕಳು ಬಣ್ಣ ತುಂಬಿದ ನಕ್ಷೆ ತಂದಾಗ ಅಂಕ ಕೇಳುವ ಮೊದಲು ಒಳಗಿನದೊಂದು, ಹೊರಗಿನದೊಂದು ಬಿಂದು ತೋರಿಸಿ, ಇವೆರಡರ ಅರ್ಥವೇನು ಎಂದು ಕೇಳಿ.