‘ಮಾಡಾಕತ್ತಾನ’: ಒಂದು ಕ್ರಿಯಾಪದದ ಒಳಗಟ್ಟು

ಬನದ ಹುಣ್ಣಿಮೆಗೆ ಚೊಳಚಗುಡ್ಡದ ಬನಶಂಕರಿ ಜಾತ್ರೆಯಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ರೂಪ ‘ಮಾಡಾಕತ್ತಾನ’. ಶಿಷ್ಟ ಬರಹದಲ್ಲಿ ಅದು ‘ಮಾಡುತ್ತಿದ್ದಾನೆ’. ಕೇಳಲು ಒಂದೇ ಪದ, ಬಿಡಿಸಿದರೆ ಎರಡು ಕ್ರಿಯಾಪದ. ‘ಮಾಡಾಕ’ ಎಂದರೆ ಮಾಡಲಿಕ್ಕೆ. ಉಳಿದದ್ದು ‘ಹತ್ಯಾನ’, ಅಂದರೆ ಹತ್ತಿದ್ದಾನೆ, ತೊಡಗಿದ್ದಾನೆ. ನಡುವಿನ ಹಕಾರ ಸವೆದು ಎರಡು ಅಕಾರಗಳು ಒಂದಾಗಿವೆ, ‘ತ್ಯಾ’ ‘ತ್ತಾ’ ಆಗಿದೆ. ಧಾರವಾಡದ ಕಡೆ ‘ಮಾಡ್ಲಿಕ್ಕೆ ಹತ್ಯಾನ’ ಎಂದು ಬಿಡಿಯಾಗಿ ಹೇಳುವವರೂ ಇರುವುದರಿಂದ ಬೆಸುಗೆಯ ಜಾಗ ಇನ್ನೂ ಕಾಣುತ್ತದೆ.

ಬರಹದಲ್ಲಿ ಇದು ಐದು ಅಕ್ಷರ: ಮಾ, ಡಾ, ಕ, ತ್ತಾ, ನ. ಬಾಯಿ ಮುರಿಯುವುದು ಬೇರೆ ರೀತಿ: ಮಾ-ಡಾ-ಕತ್-ತಾ-ನ. ಎಣಿಕೆ ಅಷ್ಟೇ, ಗಡಿ ಮಾತ್ರ ಸರಿದಿದೆ. ಲಿಪಿ ಎರಡು ತಕಾರಗಳನ್ನು ಒಟ್ಟಿಗೆ ಕಟ್ಟುತ್ತದೆ. ಉಚ್ಚಾರದಲ್ಲಿ ಮೊದಲನೆಯದು ಹಿಂದಿನ ‘ಕ’ಕ್ಕೆ ಅಂಟಿ ಅದನ್ನು ಭಾರ ಮಾಡುತ್ತದೆ. ಛಂದಸ್ಸಿಗೆ ಇದು ಹಳೆಯ ಸಂಗತಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ಶಾಲೆಯ ಪಾಠ ಹೇಳುವುದು ಇದನ್ನೇ. ಪಕ್ಕದ ಬಾದಾಮಿಯಲ್ಲಿ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಗಳನ್ನು ಗಣ ಹಾಕುವಾಗಲೂ ಈ ಲೆಕ್ಕ ಬೇಕು.

ಆದರೆ ‘ಮಲಗ್ಯಾನ’ ಈ ನಿಯಮಕ್ಕೆ ಬಗ್ಗುವುದಿಲ್ಲ. ಕಣ್ಣಿಗೆ ‘ಗ್ಯಾ’ ಒತ್ತಕ್ಷರ. ಬಾಯಲ್ಲಿ ಅಲ್ಲಿ ಯಕಾರವೇ ಇಲ್ಲ, ‘ಬ್ಯಾಂಕ್’ನಲ್ಲಿರುವ ಸ್ವರ ಮಾತ್ರ ಇದೆ. ಆ ಸ್ವರಕ್ಕೆ ಲಿಪಿಯಲ್ಲಿ ಪ್ರತ್ಯೇಕ ಗುರುತಿಲ್ಲದ್ದರಿಂದ ಯಕಾರದ ಒತ್ತನ್ನು ಎರವಲು ತರಲಾಗಿದೆ. ಹಾಗಾಗಿ ಹಿಂದಿನ ‘ಲ’ ಹಗುರವಾಗಿಯೇ ಉಳಿಯುತ್ತದೆ. ಒತ್ತಿದ್ದೂ ಭಾರವಾಗದ ಇಂಥ ಸ್ಥಿತಿ ಹಳಗನ್ನಡದಲ್ಲಿ ಬೇರೆ ಕಾರಣಕ್ಕೆ ಇತ್ತು. ವೈಯಾಕರಣರು ಅದನ್ನು ಶಿಥಿಲದ್ವಿತ್ವ ಎಂದರು.

ಈ ‘ಯಾ’ ಎಲ್ಲಿ ಬರುತ್ತದೆ ಎಂಬುದಕ್ಕೂ ಕ್ರಮವಿದೆ. ‘ಮಾಡಿ’, ‘ಹೋಗಿ’ ಎಂದು ಇಕಾರದಲ್ಲಿ ಮುಗಿಯುವ ರೂಪಕ್ಕೆ ‘ಆನ’ ಸೇರಿದರೆ ಮಾಡ್ಯಾನ, ಹೋಗ್ಯಾನ. ‘ಬಂದು’, ‘ತಿಂದು’ ಎಂಬ ಉಕಾರಾಂತಗಳಲ್ಲಿ ಉಕಾರ ಬಿದ್ದುಹೋಗಿ ಬಂದಾನ, ತಿಂದಾನ. ತೆಂಕಣದವರು ಎಡವುವುದು ಇಲ್ಲೇ. ಗ್ರಂಥಭಾಷೆಯ ‘ಬಂದಾನು’ ಎಂದರೆ ಬರಬಹುದು. ಇಲ್ಲಿಯ ‘ಬಂದಾನ’ ಎಂದರೆ ಬಂದೇಬಿಟ್ಟಿದ್ದಾನೆ. ಕೊನೆಯ ಒಂದು ಸ್ವರದ ಮೇಲೆ ಅತಿಥಿಗೆ ಈಗಲೇ ಎಲೆ ಹಾಕಬೇಕೋ ಬೇಡವೋ ನಿಂತಿದೆ.

ಫ್ರೆಂಚಿನಲ್ಲಿ ಇಂಥ ಕೊನೆಗಳು ಬಹಳಷ್ಟು ಕಾಗದದ ಮೇಲಷ್ಟೇ ಉಳಿದಿವೆ. ಮಾತಾಡು ಎಂಬರ್ಥದ ಧಾತುವಿನ ವರ್ತಮಾನದಲ್ಲಿ ನಾನು, ನೀನು, ಅವನು, ಅವರು ನಾಲ್ಕಕ್ಕೂ ಕೇಳುವುದು ‘ಪರ್ಲ್’ ಒಂದೇ. ಬರೆಯುವಾಗ ‘ನೀನು’ಗೆ ಕೊನೆಯಲ್ಲಿ ಎಸ್, ‘ಅವರು’ಗೆ ಇ-ಎನ್-ಟಿ, ಎರಡನ್ನೂ ಉಚ್ಚರಿಸುವುದಿಲ್ಲ. ಆದ್ದರಿಂದ ಸರ್ವನಾಮ ಬಿಡುವಂತಿಲ್ಲ. ಬಿಡದ ಸರ್ವನಾಮವೂ ಉಚ್ಚಾರದಲ್ಲಿ ಮುರಿಯುತ್ತದೆ: ‘ಅವನು ಪ್ರೀತಿಸುತ್ತಾನೆ’ ಎಂಬ ‘ಈಲ್ ಎಮ್’ ಬಾಯಲ್ಲಿ ‘ಈ-ಲೆಮ್’, ಸರ್ವನಾಮದ ಲಕಾರ ಕ್ರಿಯಾಪದದ ಪಾಲು. ಬಾದಾಮಿ ಸೀಮೆಯ ಬಂದೇನಿ, ಬಂದೀ, ಬಂದಾನ, ಬಂದಾಳ, ಬಂದಾರ, ಬಂದೈತಿ ಒಂದೊಂದೂ ಕಿವಿಗೆ ಬೇರೆ. ಜಾತ್ರೆಯ ಗದ್ದಲದಲ್ಲಿ ಯಾರಾದರೂ ‘ಬಂದಾಳ’ ಎಂದು ಕೂಗಿದರೆ ‘ಅಕಿ’ ಸೇರಿಸುವ ಅಗತ್ಯವಿಲ್ಲ.