ರೆಫರ್ ಚೀಟಿಯೇ ಉತ್ತರಪತ್ರಿಕೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸರ್ಕಾರಿ ಆಸ್ಪತ್ರೆಗಳಿಗೆ ಸರಿರಾತ್ರಿಯಲ್ಲಿ ಹೊಟ್ಟೆನೋವೆಂದು ಬಂದವರ ಹೊಟ್ಟೆಯ ಮೇಲೆ ಮೊದಲು ಕೈಯಿಟ್ಟು ನೋಡುವವರು ಸಾಮಾನ್ಯವಾಗಿ ಪಾಳಿಯಲ್ಲಿರುವ ಎಂಬಿಬಿಎಸ್ ವೈದ್ಯರು. ಅದು ಬರೀ ಗ್ಯಾಸ್ಟ್ರಿಕ್ಕೋ, ಹುಣ್ಣು ತೂತುಬಿದ್ದು ಹೊಟ್ಟೆ ಹಲಗೆಯಂತೆ ಬಿಗಿದಿದೆಯೋ, ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು ರಕ್ತಸಂಚಾರ ನಿಂತಿದೆಯೋ ಎಂಬುದನ್ನು ಅವರ ಬೆರಳುಗಳೇ ಹೇಳಬೇಕು. ಜಿಲ್ಲಾಕೇಂದ್ರ ವಿಜಯಪುರ ಈ ಊರುಗಳಿಂದ ಸುಮಾರು 45ರಿಂದ 80 ಕಿ.ಮೀ. ದೂರದಲ್ಲಿದೆ. ಇಂಜೆಕ್ಷನ್ ಕೊಟ್ಟು ‘ಮುಂಜಾನೆ ಬರ್ರಿ’ ಎಂದು ಕಳಿಸಿದರೆ ಆ ಐದಾರು ತಾಸಿನಲ್ಲಿ ಕರುಳು ಕೊಳೆತುಹೋಗಬಹುದು. ಇಂಥ ಹೊತ್ತಿನಲ್ಲಿ ರೋಗಿಯ ಜೀವ ನಿಂತಿರುವುದು ಆ ವೈದ್ಯರಿಗೆ ಎಂದೋ, ಯಾವುದೋ ವಾರ್ಡಿನಲ್ಲಿ, ಯಾರೋ ಕಲಿಸಿದ ಪಾಠದ ಮೇಲೆ. ಸರ್ಜರಿ ಕಲಿಸುವವರ ಶ್ರೇಷ್ಠತೆಯನ್ನು ಗುರುತಿಸಬೇಕೆಂದರೆ ಕಾಲೇಜಿನ ಸಭಾಂಗಣವನ್ನು ಬಿಟ್ಟು ಈ ತಾಲ್ಲೂಕು ಆಸ್ಪತ್ರೆಗಳ ಕಡೆ ನೋಡಬೇಕು ಎಂಬುದು ನನ್ನ ವಾದ.

ಶಸ್ತ್ರವೈದ್ಯರನ್ನು ಕೊಂಡಾಡುವುದರಲ್ಲಿ ಈ ಸೀಮೆ ಹಿಂದೆ ಬಿದ್ದಿಲ್ಲ. ಆಗಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಲ್ಲಿ ಶಿಬಿರ ನಡೆಸಿ ಕಣ್ಣಿನ ಪೊರೆ ತೆಗೆದರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಆಪರೇಷನ್‌ಗಳನ್ನು ಎಣಿಸಬಹುದು, ಕಣ್ಣು ಬಂದವರನ್ನು ತೋರಿಸಬಹುದು. ಪಾಠದ ಫಲ ಹಾಗಲ್ಲ. ಅದು ಹತ್ತು ವರ್ಷದ ಮೇಲೆ, ಇನ್ನೊಂದು ಊರಲ್ಲಿ, ಇನ್ನೊಬ್ಬರ ಕೈಯಲ್ಲಿ ಕಾಣಿಸುತ್ತದೆ. ಗಡಿಯಾಚೆಯ ಮಿರಜವನ್ನೇ ನೋಡಿ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದರು. ದೊಡ್ಡ ಆಪರೇಷನ್ ಎಂದರೆ ಮಿರಜ ಎನ್ನುವಷ್ಟು ಅದರ ಹೆಸರು ಉತ್ತರ ಕರ್ನಾಟಕದ ಮನೆಮನೆಗೂ ಮುಟ್ಟಿತು. ಮೂರೇ ವರ್ಷಕ್ಕೆ, 1897ರಲ್ಲಿ, ಅವರು ವೈದ್ಯಕೀಯ ಶಾಲೆಯನ್ನೂ ತೆರೆದಿದ್ದರು. ಆ ಮಾತನ್ನು ಎತ್ತುವವರು ಕಡಿಮೆ. ಎಷ್ಟೇ ಚುರುಕಾದ ಸರ್ಜನ್‌ಗೂ ಇರುವುದು ಎರಡೇ ಕೈ. ಕಲಿಸಿದರೆ ಅವು ನೂರಾಗುತ್ತವೆ.

ಕೈ ಚಳಕವಿದ್ದವರಿಗೆ ಕಲಿಸಲು ಬಂದೇ ಬರುತ್ತದಲ್ಲ, ಬೇರೆ ಮನ್ನಣೆ ಏಕೆ ಎನ್ನುವವರಿದ್ದಾರೆ. ಅನುಭವಿ ಸರ್ಜನ್‌ನ ಕೈ ತಾನೇ ತಾನಾಗಿ ನಡೆಯುತ್ತದೆ. ಅದು ಹೇಗೆ ನಡೆಯಿತೆಂದು ಬಿಡಿಸಿ ಹೇಳುವುದು ಬೇರೆಯೇ ವಿದ್ಯೆ. ಸುಶ್ರುತ ಸಂಹಿತೆ ಈ ಅಭ್ಯಾಸಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ: ಕೊಯ್ಯುವುದನ್ನು ಕುಂಬಳ, ಸೋರೆಯಂಥ ಕಾಯಿಗಳ ಮೇಲೆ, ಪಟ್ಟಿ ಕಟ್ಟುವುದನ್ನು ಬೊಂಬೆಯ ಮೇಲೆ ಕಲಿಯಬೇಕು. ನಮ್ಮ ಕಾಲದಲ್ಲೂ ಮಂಗಳೂರಿನ ಡಾ. ಶ್ರೀರಾಮ ಭಟ್, ಮಣಿಪಾಲದ ಡಾ. ರಾಜಗೋಪಾಲ ಶೆಣೈ ಅವರ ಸರ್ಜರಿ ಕೈಪಿಡಿಗಳು ಕರ್ನಾಟಕದ ಆಚೆಗೂ ವಿದ್ಯಾರ್ಥಿಗಳ ಮೇಜಿನ ಮೇಲಿವೆ. ಇಬ್ಬರೂ ತರಗತಿಯಲ್ಲಿ ಬೆಳೆದ ಮೇಷ್ಟ್ರುಗಳು. ಆದರೆ ಪುಸ್ತಕ ಬರೆಯದೆ ಹಾಸಿಗೆಯ ಪಕ್ಕದಲ್ಲೇ ನಿಂತು ಕಲಿಸುವವರ ಲೆಕ್ಕ ಇಡುವವರಿಲ್ಲ. ಬಡ್ತಿಗೆ ಪ್ರಕಟವಾದ ಸಂಶೋಧನಾ ಲೇಖನ ಬೇಕು, ಬೋಧನಾ ತರಬೇತಿಯ ಪ್ರಮಾಣಪತ್ರ ಬೇಕು. ಪಾಠ ವಿದ್ಯಾರ್ಥಿಯ ಕೈಗೆ ಇಳಿಯಿತೇ ಎಂಬ ಪ್ರಶ್ನೆಗೆ ಅಲ್ಲಿ ಅಂಕವಿಲ್ಲ. ಭಾರತೀಯ ವೈದ್ಯಕೀಯ ಮಂಡಳಿ 1962ರಲ್ಲಿ ಸ್ಥಾಪಿಸಿದ ಡಾ. ಬಿ.ಸಿ. ರಾಯ್ ಪ್ರಶಸ್ತಿಯಲ್ಲಿ ವೈದ್ಯ ಶಿಕ್ಷಕರಿಗೂ ಒಂದು ವಿಭಾಗವಿತ್ತು ನಿಜ. ಆದರೆ ದೇಶಕ್ಕೆ ಬೆರಳೆಣಿಕೆಯ ಪದಕಗಳು ಪ್ರತಿ ಕಾಲೇಜಿನ ಪ್ರತಿ ವಾರ್ಡಿನ ಅಭ್ಯಾಸವನ್ನು ಬದಲಿಸಲಾರವು.

ಬೋಧನೆಯನ್ನು ಅಳೆಯುವುದು ಹೇಗೆ, ವಿದ್ಯಾರ್ಥಿಗಳನ್ನು ಕೇಳಿದರೆ ನಗಿಸುವ ಮೇಷ್ಟ್ರೇ ಗೆಲ್ಲುತ್ತಾರಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಬ್ರಿಟನ್ನಿನ ತರಬೇತಿನಿರತ ಸರ್ಜನ್‌ಗಳ ಸಂಘ 2000ದಲ್ಲಿ ಆರಂಭಿಸಿದ ‘ಸಿಲ್ವರ್ ಸ್ಕಾಲ್ಪೆಲ್’ ಪ್ರಶಸ್ತಿಗೆ ಕಲಿಯುವವರೇ ಕಲಿಸುವವರ ಹೆಸರು ಸೂಚಿಸುತ್ತಾರೆ. ಅದು ಒಳ್ಳೆಯ ಆರಂಭ. ಆದರೆ ಓದುವ ಕಾಲದ ಮೆಚ್ಚುಗೆಗಿಂತ ಕೆಲಸಕ್ಕೆ ಸೇರಿದ ಮೇಲಿನ ಸಾಕ್ಷ್ಯ ಗಟ್ಟಿ. ಆ ಸಾಕ್ಷ್ಯ, ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸುವಾಗ ವೈದ್ಯರು ಬರೆದುಕೊಡುವ ರೆಫರ್ ಚೀಟಿಯಲ್ಲಿದೆ. ‘ಹೊಟ್ಟೆನೋವು, ಮುಂದಿನ ಚಿಕಿತ್ಸೆಗಾಗಿ’ ಎಂದಷ್ಟೇ ಗೀಚಿದ ಚೀಟಿ ಒಂದು ಬಗೆಯದು. ನೋವು ಶುರುವಾದ ಹೊತ್ತು, ನಾಡಿ, ಬಿಪಿ, ಹೊಟ್ಟೆಯ ಬಿಗಿತ, ಶಂಕಿತ ಕಾಯಿಲೆ, ಹಾಕಿದ ಡ್ರಿಪ್, ಮೂಗಿನ ನಳಿಕೆ ಎಲ್ಲ ಬರೆದ ಚೀಟಿ ಇನ್ನೊಂದು ಬಗೆಯದು. ಎರಡರ ನಡುವಿನ ಅಂತರವೇ ಬೋಧನೆಯ ಅಂತರ. ವಿಜಯಪುರದಲ್ಲಿ 1984ರಲ್ಲಿ ಶುರುವಾದ ಅಲ್‌-ಅಮೀನ್, 1986ರಲ್ಲಿ ಶುರುವಾದ ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜುಗಳಿವೆ. ಈ ಕಾಲೇಜುಗಳು ಆ ನಾಲ್ಕು ತಾಲ್ಲೂಕುಗಳಿಂದ ಬರುವ ಚೀಟಿಗಳನ್ನು ವೈದ್ಯರ ಹೆಸರು ಮರೆಮಾಡಿ ವರ್ಷಕ್ಕೊಮ್ಮೆ ಓದಿಸಿದರೆ, ಯಾವ ಪಾಠ ಉಳಿಯಿತು, ಯಾವುದು ಸೋರಿಹೋಯಿತು ಎಂಬುದು ತಿಳಿಯುತ್ತದೆ. ಜೊತೆಗೆ ಸಹೋದ್ಯೋಗಿಗಳು ವಾರ್ಡಿನ ಪಾಠವನ್ನು ಕುಳಿತು ನೋಡಲಿ. ಹಳೆಯ ವಿದ್ಯಾರ್ಥಿಗಳನ್ನು ಮೂರು ವರ್ಷದ ಮೇಲೆ ಕೇಳಲಿ. ಒಂದು ಅಳತೆ ತಪ್ಪಿದರೂ ಮೂರೂ ಒಟ್ಟಿಗೆ ತಪ್ಪುವುದು ಕಷ್ಟ.

ಎಂಬಿಬಿಎಸ್ ಓದಿದವರು ಆಪರೇಷನ್ ಮಾಡುವುದಿಲ್ಲವಾದ್ದರಿಂದ ಇದೆಲ್ಲ ಸ್ನಾತಕೋತ್ತರ ಹಂತಕ್ಕಿರಲಿ ಎನ್ನುವವರೂ ಇದ್ದಾರೆ. ಸುರಕ್ಷಿತ, ಕೈಗೆಟುಕುವ ಶಸ್ತ್ರಚಿಕಿತ್ಸೆ ಸಿಗದವರು ಜಗತ್ತಿನಲ್ಲಿ 500 ಕೋಟಿ ಮಂದಿ ಎಂದು 2015ರಲ್ಲಿ ಹೇಳಿದ ಲ್ಯಾನ್ಸೆಟ್ ಆಯೋಗ, ತುರ್ತು ಶಸ್ತ್ರಚಿಕಿತ್ಸೆ ಎರಡು ಗಂಟೆಯೊಳಗೆ ಸಿಗುವಂತಿರಬೇಕೆಂದೂ ಹೇಳಿತು. ಆಂಬುಲೆನ್ಸ್ ಎಷ್ಟೇ ವೇಗವಾಗಿ ಓಡಿದರೂ ಮೊದಲು ನೋಡಿದವರಿಗೆ ರೋಗ ಹೊಳೆಯದಿದ್ದರೆ ಆ ಎರಡು ಗಂಟೆ ಆಸ್ಪತ್ರೆಯ ಬೆಂಚಿನ ಮೇಲೆಯೇ ಕಳೆಯುತ್ತದೆ. 2019ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮ ಕೌಶಲವನ್ನು ಮಾಡಿ ತೋರಿಸಿ ಸಹಿ ಪಡೆಯಬೇಕೆನ್ನುತ್ತದೆ. ಆದರೆ ಲಾಗ್‌ಬುಕ್ಕಿನ ಸಹಿಗೆ ಅರ್ಥ ಬರಬೇಕಾದರೆ ಸಹಿ ಹಾಕುವವರಿಗೆ ನಿಂತು ನೋಡಲು ಬಿಡುವು ಬೇಕು. ಒಪಿಡಿ, ಆಪರೇಷನ್, ಪ್ರಬಂಧಗಳ ನಡುವೆ ಅಳಿದುಳಿದ ಹೊತ್ತಿನಲ್ಲಿ ಅದು ಸಾಧ್ಯವಿಲ್ಲ.

ಆದ್ದರಿಂದ ಮನ್ನಣೆ ಎಂದರೆ ಶಾಲು, ಹಣ್ಣಿನ ಬುಟ್ಟಿ, ಫಲಕವಾದರೆ ಸಾಲದು. ಬಡ್ತಿಯಲ್ಲಿ ಪಾಠಕ್ಕೆ ಪ್ರಬಂಧದಷ್ಟೇ ಅಂಕ, ವೇಳಾಪಟ್ಟಿಯಲ್ಲಿ ಕಲಿಸಲೆಂದೇ ಬಿಟ್ಟ ಗಂಟೆಗಳು: ಇವೆರಡು ಸಿಕ್ಕರೆ ಸಮಾರಂಭವಿಲ್ಲದಿದ್ದರೂ ನಡೆದೀತು. ಮುದ್ದೇಬಿಹಾಳದಿಂದ ಹೊರಟ ರೋಗಿ ವಿಜಯಪುರ ಮುಟ್ಟುವಷ್ಟರಲ್ಲಿ ಅಲ್ಲಿ ಆಪರೇಷನ್ ಥಿಯೇಟರ್ ಸಿದ್ಧವಾಗಿದ್ದರೆ, ಜೇಬಿನಲ್ಲಿದ್ದ ಆ ಚೀಟಿಯನ್ನು ಬರೆಯಲು ಯಾರೋ ಒಬ್ಬರು ಚೆನ್ನಾಗಿ ಕಲಿಸಿದ್ದರು ಎಂದೇ ಅರ್ಥ.