ನರ್ಸಿಂಗ್: ಸೇವೆಯಷ್ಟೇ ಅಲ್ಲ, ಮುಂದಾಳುತನವೂ ಬೇಕು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಿಗೆ ತೆಂಗಿನ ಮರವೇ ಆಧಾರ. ಅದೇ ಮರದಿಂದ ಕೈತಪ್ಪಿ ಬಿದ್ದವರ ಪಾಡೂ ಇಲ್ಲಿಯವರಿಗೆ ಗೊತ್ತು. ಬೆನ್ನುಹುರಿಗೆ ಪೆಟ್ಟಾದರೆ ಸೊಂಟದ ಕೆಳಗಿನ ಸ್ವಾಧೀನವೇ ತಪ್ಪಬಹುದು. ಅಂಥವರನ್ನು ಕೈಕಾಲು ಹಿಡಿದು ಮೂಟೆಯಂತೆ ಎತ್ತಬಾರದು. 108ಕ್ಕೆ ಕರೆ ಮಾಡಿ, ಅಲುಗಾಡಿಸದೆ ಕಾಯಬೇಕು.

ಶಸ್ತ್ರಚಿಕಿತ್ಸೆ ವೈದ್ಯರ ಕೆಲಸ. ಆಮೇಲಿನ ದಿನಗಳು ಬಹುಮಟ್ಟಿಗೆ ದಾದಿಯರ ಕೈಯಲ್ಲಿ. ಇಂಥ ರೋಗಿಯ ಮಗ್ಗುಲು ಬದಲಿಸಲು ಮೂರು ನಾಲ್ಕು ಜನ ಬೇಕು. ಒಬ್ಬರು ತಲೆ, ಕುತ್ತಿಗೆ ಹಿಡಿಯುತ್ತಾರೆ. ಉಳಿದವರು ಭುಜ, ಸೊಂಟ, ಕಾಲು. ತಲೆ ಹಿಡಿದವರು 'ಒಂದು, ಎರಡು, ಮೂರು' ಎಂದಾಗ ಎಲ್ಲರೂ ಒಟ್ಟಿಗೆ ಹೊರಳಿಸಬೇಕು. ಒಬ್ಬರು ಮುಂಚೆ ಎಳೆದರೂ ಬೆನ್ನು ತಿರುಚಿಕೊಂಡೀತು. ನರ್ಸಿಂಗ್‌ನಲ್ಲಿ ಮುಂದಾಳುತನವೆಂದರೆ ಏನೆಂದು ತಿಳಿಯಲು ಇದೊಂದು ದೃಶ್ಯ ಸಾಕು.

ದಿನಕ್ಕೆ 12 ಬಾರಿ

ಸ್ಪರ್ಶಜ್ಞಾನ ಹೋದವರಿಗೆ ಒಂದೇ ಮಗ್ಗುಲಲ್ಲಿ ಮಲಗಿದರೂ ನೋವು ತಿಳಿಯದು. ಒತ್ತಿದ ಜಾಗಕ್ಕೆ ರಕ್ತ ಹರಿಯದೆ ಹಾಸಿಗೆ ಹುಣ್ಣಾಗುತ್ತದೆ. ಅದು ಕೀವಾಗಿ ಪ್ರಾಣಕ್ಕೇ ಎರವಾಗಬಹುದು. ಆದ್ದರಿಂದ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ಅಂದರೆ ದಿನಕ್ಕೆ 12 ಬಾರಿ. ಬೆಳಿಗ್ಗೆ 8ರಿಂದ 2, ಅಲ್ಲಿಂದ ರಾತ್ರಿ 8, ಆಮೇಲೆ ರಾತ್ರಿಪಾಳಿ ಎಂಬ ಕ್ರಮವಿದ್ದರೆ ಹಗಲಿನ ಪಾಳಿಗಳಿಗೆ ಮೂರು ಮೂರು ಬಾರಿ, ರಾತ್ರಿಗೆ ಆರು ಬಾರಿ. ಜನ ಕಡಿಮೆ ಇರುವುದೂ ರಾತ್ರಿಯೇ!

ಯಾರನ್ನು ಯಾವ ಪಾಳಿಗೆ ಹಾಕಬೇಕು, ಹೊಸಬರ ಜೊತೆ ಯಾರಿರಬೇಕು, ಕೊನೆಯ ಸಲ ಹೊರಳಿಸಿದ್ದು ಎಷ್ಟು ಗಂಟೆಗೆ, ಮುಂದಿನವರಿಗೆ ಹೇಳಬೇಕಾದ್ದೇನು? ಇವನ್ನೆಲ್ಲ ನೋಡಿಕೊಳ್ಳುವವರು ವಾರ್ಡಿನ ಹಿರಿಯ ನರ್ಸ್. ಪಾಳಿ ಬದಲಾಗುವಾಗ ಒಂದು ಮಾತು ಬಿಟ್ಟುಹೋದರೆ ಅದರ ಫಲ ಉಣ್ಣುವವನು ರೋಗಿ.

42 ವರ್ಷಗಳ ಪಾಳಿ

ಇದಕ್ಕೆ ದೊಡ್ಡ ನಿದರ್ಶನ ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿದೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಅಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯ ನೌಕರನೊಬ್ಬನ ದೌರ್ಜನ್ಯಕ್ಕೆ ತುತ್ತಾಗಿ, ಮಿದುಳಿಗೆ ಪೆಟ್ಟಾಗಿ ಹಾಸಿಗೆ ಹಿಡಿದರು. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅವರನ್ನು ನೋಡಿಕೊಂಡವರು ಅದೇ ಆಸ್ಪತ್ರೆಯ ದಾದಿಯರು. ಮೊದಲು ಶುಶ್ರೂಷೆ ಮಾಡಿದವರು ನಿವೃತ್ತರಾದರು. ಅರುಣಾ ಅವರ ಮಾತನ್ನೇ ಕೇಳದಿದ್ದ ಹೊಸ ಹುಡುಗಿಯರು ಬಂದರು. ಆರೈಕೆ ಮಾತ್ರ ನಿಲ್ಲಲಿಲ್ಲ.

ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದಾಗ ದಾದಿಯರು ಅದನ್ನು ವಿರೋಧಿಸಿದರು. ಇಷ್ಟು ವರ್ಷವೂ ಹಾಸಿಗೆ ಹುಣ್ಣಾಗಿಲ್ಲವೆಂದು ಆಸ್ಪತ್ರೆ ನ್ಯಾಯಾಲಯಕ್ಕೆ ತಿಳಿಸಿತು. 2011ರ ಮಾರ್ಚ್ 7ರ ತೀರ್ಪು ದಾದಿಯರ ಸೇವೆಯನ್ನು ಹೊಗಳಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಆಸ್ಪತ್ರೆಯ ಸಿಬ್ಬಂದಿಯದೇ ಎಂದಿತು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಆರೈಕೆ ಮಾಡುವವರ ಸುರಕ್ಷತೆ ನೋಡುವುದೂ ಆಡಳಿತದ ಹೊಣೆಯೇ. 1973ರ ಆ ಘಟನೆಯ ನಂತರ ಮುಂಬೈನ ದಾದಿಯರು ಮುಷ್ಕರ ಹೂಡಿ ಕೇಳಿದ್ದೂ ಅದನ್ನೇ.

ಸೇರುವ ಮುನ್ನ

ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಬಿ.ಎಸ್ಸಿ.ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಜಿ.ಎನ್.ಎಂ., ಬಿ.ಎಸ್ಸಿ. ಎರಡಕ್ಕೂ ಗಂಡುಮಕ್ಕಳೂ ಸೇರಬಹುದು. ಎಂ.ಎಸ್ಸಿ. ಮಾಡಿದವರಿಗೆ ಬೋಧನೆಯ ದಾರಿಯೂ ಉಂಟು.

ತಂದೆತಾಯಂದಿರು ಶುಲ್ಕದ ಜೊತೆಗೆ ಇನ್ನೂ ಕೆಲವನ್ನು ವಿಚಾರಿಸಬೇಕು. ಕಾಲೇಜಿಗೆ ಮಾನ್ಯತೆ ಇದೆಯೇ? ಮಕ್ಕಳು ಕಲಿಯಲು ರೋಗಿಗಳಿರುವ ಆಸ್ಪತ್ರೆ ಇದೆಯೇ? ರಾತ್ರಿಪಾಳಿಯಲ್ಲಿ ವಿದ್ಯಾರ್ಥಿಗಳ ಜೊತೆ ಹಿರಿಯರೊಬ್ಬರು ಇರುತ್ತಾರೆಯೇ? ಹಾಸ್ಟೆಲಿಗೆ ಹೋಗಿಬರುವ ದಾರಿ ಸುರಕ್ಷಿತವೇ? ಸಾಧ್ಯವಾದರೆ ಸೇರಿಸುವ ಮೊದಲು ಮಗಳನ್ನೋ ಮಗನನ್ನೋ ಕರೆದುಕೊಂಡು ಒಮ್ಮೆ ಹೋಗಿ, ಎಲ್ಲವನ್ನೂ ಕಣ್ಣಾರೆ ನೋಡಿ ಬನ್ನಿ.